ಅಯೋಡಿನ್ ಗುಳಿಗೆ ಮತ್ತು ಅವ್ವನ ತಟ್ಟೆ

ಥೈರಾಯ್ಡ್ ಅಂದರೆ ಮೈ ಬರುವ ಕಾಯಿಲೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಂಬಿದ್ದರು. ನಾನು ನೋಡಿದರೆ ದಿನದಿಂದ ದಿನಕ್ಕೆ ಸೊರಗುತ್ತಿದ್ದೆ. ರವಿಕೆಗಳನ್ನು ಹಿಡಿಸಿ, ಮತ್ತೆ ಹಿಡಿಸಿ, ಕೊನೆಗೆ ಟೈಲರೇ ಬೇಸತ್ತು ಹೊಸದು ಹೊಲಿಸಿಕೊಳ್ಳಿ ಮೇಡಂ ಅಂದ. ಹಸಿವು ಮಾತ್ರ ಹೇಳತೀರದು. ನನ್ನ ಡಬ್ಬಿ ಖಾಲಿ ಮಾಡಿ ಪಕ್ಕದವರ ಡಬ್ಬಿಯ ಕಡೆ ಆಸೆಯಿಂದ ನೋಡುತ್ತಿದ್ದೆ. "ಅದ್ಯಾವ ಡಯಟ್ಟು ಮೇಡಂ, ನಮಗೂ ಸ್ವಲ್ಪ ಹೇಳ್ರೀ" ಎಂದು ವಿಜ್ಞಾನದ ಮೇಡಂ ಕೇಳಿದರು. ವಿಜ್ಞಾನದವರೇ ಹೀಗೆ ಕೇಳಿದ ಮೇಲೆ ಗಣಿತದವಳಾದ ನಾನು ಏನು ಹೇಳಲಿ, ನಕ್ಕೆ.

ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ಬರೆಯುವುದರಲ್ಲಿ ನನಗೆ ಹೆಸರಿತ್ತು. ಆ ವರ್ಷ ಸೀಮೆಸುಣ್ಣ ಹಿಡಿದರೆ ಕೈ ನಡುಗುತ್ತಿತ್ತು, ವೃತ್ತ ಆಲೂಗೆಡ್ಡೆಯಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಮೈಯೆಲ್ಲ ಬೆವರು, ಚಳಿಗಾಲದಲ್ಲೂ ಫ್ಯಾನು. ಎಲ್ಲಕ್ಕಿಂತ ಕೆಟ್ಟದ್ದು ಸಿಟ್ಟು. ಗಂಡ ಪ್ರಕಾಶ್ ಚಮಚ ಕೆಳಗೆ ಬೀಳಿಸಿದರೆ ಸಾಕು, ಮನೆ ಕಿತ್ತುಹೋಗುವಂತೆ ಕೂಗಾಡುತ್ತಿದ್ದೆ. ಮಗಳು ಮೈತ್ರಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಅವಳು ಹೆದರಿ ಅಪ್ಪನ ಹಿಂದೆ ಅವಿತುಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು, ಅತ್ತದ್ದಕ್ಕೆ ಮತ್ತೆ ಸಿಟ್ಟು ಬರುತ್ತಿತ್ತು.

ಮೊದಲು ತೋರಿಸಿದ ಡಾಕ್ಟರು ಟೆನ್ಷನ್ ಅಂದರು. ಕೆಲಸ, ಮನೆ, ಚಿಕ್ಕ ಮಗು, ಟೆನ್ಷನ್ ಇಲ್ಲದೆ ಇರುತ್ತಾ ಎಂದು ನಾನೂ ಒಪ್ಪಿಕೊಂಡೆ. ಎರಡನೆಯವರು ಮಾತಿಲ್ಲದೆ ನನ್ನ ಹಿಂದೆ ಬಂದು ನಿಂತು ಕುತ್ತಿಗೆ ಮುಟ್ಟಿ ನೋಡಿ, ನೀರು ನುಂಗಿ ಅಂದರು, ರಕ್ತ ಕೊಟ್ಟು ಬನ್ನಿ ಅಂದರು. ಗಂಟಲ ಗ್ರಂಥಿ ಅಳತೆ ಮೀರಿ ಓಡುತ್ತಿದೆ ಎಂದು ಗೊತ್ತಾಯಿತು. ಅದನ್ನು ತಡೆಯಲು ಕೊಟ್ಟ ಮಾತ್ರೆಯನ್ನು ವರ್ಷಕ್ಕೂ ಮೇಲೆ ನುಂಗಿದೆ. ನುಂಗುವಷ್ಟು ದಿನ ಚೆನ್ನಾಗಿರುವುದು, ಕಡಿಮೆ ಮಾಡಿದರೆ ಮತ್ತೆ ಅದೇ ನಡುಕ. ಕೊನೆಗೆ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿಯ ಡಾಕ್ಟರು ನಿಧಾನಸ್ಥರು. "ಅಯೋಡಿನ್ ಗುಳಿಗೆ ಕೊಡ್ತೀವಿ. ಅದರಲ್ಲಿ ವಿಕಿರಣ ಇರುತ್ತೆ. ಗ್ರಂಥಿ ಅದನ್ನ ಎಳ್ಕೊಂಡು ನಿಧಾನವಾಗಿ ಸುಮ್ಮನಾಗುತ್ತೆ. ಆಮೇಲೆ ದಿನಾ ಒಂದು ಮಾತ್ರೆ, ಜೀವನಪೂರ್ತಿ" ಅಂದರು. ವಿಕಿರಣ ಎಂಬ ಪದವನ್ನು ನಾನು ಅಲ್ಲಿಯವರೆಗೆ ಕ್ಯಾನ್ಸರಿನ ಪಕ್ಕದಲ್ಲಿ ಮಾತ್ರ ಕೇಳಿದ್ದೆ. ಮಗು ಹಾಲು ಕುಡಿಯುತ್ತಿದೆಯಾ ಎಂದು ಅವರು ಕೇಳಿದರು. ರಾತ್ರಿ ಮಾತ್ರ ಅಂದೆ. ಗುಳಿಗೆಗೆ ಎಷ್ಟೋ ವಾರ ಮುಂಚೆಯೇ ಬಿಡಿಸಬೇಕು, ನುಂಗಿದ ಮೇಲೆ ಮಗುವಿನಿಂದ ಕೆಲವು ವಾರ ದೂರ ಇರಬೇಕು, ಎತ್ತಿಕೊಳ್ಳುವಂತಿಲ್ಲ ಎಂದರು. ಕಾಯಿಲೆಯ ಬಗ್ಗೆ ಕೇಳಬೇಕೆಂದು ಹೊರಟಿದ್ದ ಪ್ರಶ್ನೆಗಳೆಲ್ಲ ಅಲ್ಲೇ ಮರೆತುಹೋದವು.

ಮೊಬೈಲಿನಲ್ಲಿ ಹುಡುಕಿ ಹೆದರಿ ಕೂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗುಳಿಗೆ ನುಂಗುವುದು ಕಷ್ಟವಲ್ಲ. ನೋವಿಲ್ಲ, ಸೂಜಿಯಿಲ್ಲ, ವಾಂತಿಯಾಗುವ ಕಥೆ ನನಗಂತೂ ಇರಲಿಲ್ಲ. ಕಷ್ಟವಾದದ್ದು ಮನೆಗೆ ಬಂದ ಮೇಲೆ, ಮನೆಯವರೊಂದಿಗೆ.

ಮಗುವಿಗೆ ಹಾಲು ಬಿಡಿಸಲು ಅವ್ವ ಬಂದಳು. ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರು ನಮ್ಮದು. ಅಪ್ಪ ತೀರಿಕೊಂಡ ಮೇಲೆ ಅವ್ವ ಅಲ್ಲಿ ನನ್ನ ತಮ್ಮ ಆನಂದನ ಜೊತೆ ಇದ್ದಾಳೆ. ಅವನಿಗೆ ಬೇಲೂರಿನಲ್ಲಿ ಕೆಲಸ, ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಅವ್ವ ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ, ಒಂದು ಚೀಲ ರಾಗಿ ಹಿಟ್ಟು, ಒಂದು ಕಂತೆ ಬೇವಿನ ಸೊಪ್ಪು ಹೊತ್ತು ಬಸ್ಸಿಳಿದಳು. ಅರಸೀಕೆರೆಯಲ್ಲಿ ಬೇವಿನ ಮರವೇ ಇಲ್ಲವೇನೋ ಎಂಬ ಹಾಗೆ. ಸೊಪ್ಪು ಅರೆದು ನನ್ನ ಎದೆಗೆ ಹಚ್ಚಿ, "ಇನ್ನು ನೀನು ಆ ಕೋಣೆಗೋಗಿ ಮಲೀಕ. ಮಗಾನ ನನ್ತಾವ ಬಿಡು" ಅಂದಳು.

ಮೊದಲ ರಾತ್ರಿಗಳು ಮೈತ್ರಿ ಅತ್ತದ್ದು ಇಡೀ ಬೀದಿಗೆ ಕೇಳಿಸಿರಬೇಕು. ನಾನು ಬಾಗಿಲ ಈ ಕಡೆ ಕೂತು ಅಳುತ್ತಿದ್ದೆ. ಆಮೇಲೆ ಅವಳು ಅಜ್ಜಿಯ ಕಿವಿಯ ಹಾಲೆ ಹಿಡಿದುಕೊಂಡು ಮಲಗುವುದನ್ನು ಕಲಿತಳು. ಹಗಲೆಲ್ಲ ಅವ್ವನ ಸೊಂಟದ ಮೇಲೆಯೇ ಇರುತ್ತಿದ್ದಳು. ಅವ್ವ ಅವಳನ್ನು ಎತ್ತಿಕೊಂಡು ಸ್ಟೇಷನ್ನಿನ ಕಡೆ ಹೋಗಿ ಗೂಡ್ಸ್ ಗಾಡಿ ತೋರಿಸುವುದು, ಬರುವಾಗ ಬೀದಿಯವರೆಲ್ಲರ ಹತ್ತಿರ ನಿಂತು ಮಾತಾಡುವುದು. ಮಂಡಿ ನೋವು ಬಂದೀತು, ಇಳಿಸವ್ವ ಅಂದರೆ, "ಹೂವಿನಂಗವ್ಳೆ, ಏನ್ ಭಾರ?" ಎನ್ನುತ್ತಿದ್ದಳು. ಮೈತ್ರಿ ಬಿದ್ದರೆ, ಹೆದರಿದರೆ, ನಿದ್ದೆ ಬಂದರೆ, 'ಅಮ್ಮ' ಅನ್ನುವುದು ಬಿಟ್ಟು 'ಅಜ್ಜಿ' ಅನ್ನತೊಡಗಿದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮಗುವಿಗೆ ಒಂದು ಮಡಿಲಿದೆ ಎಂಬ ಧೈರ್ಯದಲ್ಲೇ ನಾನು ಮೈಸೂರಿಗೆ ಹೊರಟದ್ದು.

ಆಸ್ಪತ್ರೆಯ ಆ ವಿಭಾಗ ನೆಲಮಾಳಿಗೆಯಲ್ಲಿತ್ತು. ಬಸುರಿಯರು, ಮಕ್ಕಳು ಒಳಗೆ ಬರಬಾರದು ಎಂದು ಬಾಗಿಲಲ್ಲೇ ಬರೆದಿದ್ದರು. ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ತನ್ನ ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದರು. "ನಿಮ್ದು ಯಾವ ಊರು?" ಎಂದು ಕೇಳಿದರು. ಹೇಳಿದೆ. "ಅರಸೀಕೆರೆನಾ, ಕೊಬ್ಬರಿ ಊರು" ಎಂದು ನಕ್ಕು, ಚೀಲದಿಂದ ಒಂದು ನಿಂಬೆಹಣ್ಣಿನ ಪೆಪ್ಪರಮೆಂಟು ತೆಗೆದು ಕೈಗಿಟ್ಟು, "ಆಮೇಲೆ ಬಾಯಿ ಒಣಗುತ್ತೆ, ಚೀಪಕ್ಕೆ ಬೇಕಾಗುತ್ತೆ" ಅಂದರು. ಅವರ ಹೆಸರು ಕೇಳಲಿಲ್ಲ. ಆ ಪೆಪ್ಪರಮೆಂಟಿನಷ್ಟು ಉಪಯೋಗಕ್ಕೆ ಬಂದ ಸಲಹೆ ನನಗೆ ಆಮೇಲೆ ಯಾರಿಂದಲೂ ಸಿಗಲಿಲ್ಲ.

ಗುಳಿಗೆ ಸೀಸದ ಒಂದು ಡಬ್ಬಿಯಲ್ಲಿ ಬಂತು. ತಂದವರು ದಪ್ಪ ಅಂಗಿ ತೊಟ್ಟಿದ್ದರು. ಡಬ್ಬಿಯ ಮುಚ್ಚಳವನ್ನು ಉದ್ದನೆಯ ಇಕ್ಕಳದಲ್ಲಿ ತೆಗೆದರು. ತಾವು ಕೈಯಲ್ಲಿ ಮುಟ್ಟದ್ದನ್ನು ನಾನು ಬಾಯಿಗೆ ಹಾಕಿಕೊಳ್ಳಬೇಕಿತ್ತು. ನುಂಗಿ ನೀರು ಕುಡಿದೆ, ಅವರು ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಅಷ್ಟೆ. ಆಮೇಲೆ ನರ್ಸ್ ದೂರದಲ್ಲಿ ನಿಂತೇ ಹೇಳಿದರು. ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ, ಬಟ್ಟೆ ಬೇರೆ ಒಗೆಯಬೇಕು, ಯಾರ ಹತ್ತಿರವೂ ತುಂಬ ಹೊತ್ತು ಕೂರಬಾರದು, ಮಕ್ಕಳ ಹತ್ತಿರವಂತೂ ಹೋಗಲೇಬಾರದು. ಹೇಳುತ್ತಾ ಹೇಳುತ್ತಾ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕೆಲಸ ಅದು, ದಿನಕ್ಕೆ ಎಷ್ಟು ಜನರ ಹತ್ತಿರ ನಿಂತಾರು. ಆದರೆ ನನ್ನ ಮೈಗೆ ಆ ಹೆಜ್ಜೆಯ ಗುರುತು ಸಿಕ್ಕಿತು.

ಇದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಊರ ಹೊರಗಿನ ಕೇರಿಯವರು. ಅಪ್ಪ ಹುಡುಗನಾಗಿದ್ದಾಗ ಹೋಟೆಲಿನ ಹೊರಗೆ ನಿಂತು ತೆಂಗಿನ ಕರಟದಲ್ಲಿ ಟೀ ಕುಡಿದವರು. ಅವ್ವ ಬೇರೆಯವರ ತೋಟಕ್ಕೆ ಕೂಲಿಗೆ ಹೋದಾಗ ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು. ಅಪ್ಪ ಓದಿ ಮೇಷ್ಟರಾದರು, ಆಮೇಲೆ ನಾವೆಲ್ಲ ಬೌದ್ಧರಾದೆವು. ಅವ್ವ ತನ್ನ ಮನೆಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಳು. ಈ ಮನೆಯಲ್ಲಿ ಯಾರಿಗೂ ಬೇರೆ ತಟ್ಟೆಯಿಲ್ಲ. ಎಲ್ಲ ತಟ್ಟೆಗಳೂ ಒಂದೇ ಅಂಗಡಿಯವು, ಒಂದೇ ಥರದವು, ಕೈಗೆ ಸಿಕ್ಕಿದ್ದು ಆ ಹೊತ್ತಿಗೆ ನಮ್ಮದು. ಊರವರೆಲ್ಲ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸಿದರೆ ಅವ್ವ ಹಾಕಿಸಲಿಲ್ಲ. ಮನೆಗೆ ಯಾರೇ ಬರಲಿ, ಆ ತಟ್ಟೆಗಳ ಅಟ್ಟಿಯಿಂದಲೇ ತೆಗೆದು ಬಡಿಸುತ್ತಿದ್ದಳು.

ಆ ಮನೆಗೆ ನಾನು ಗುಳಿಗೆ ನುಂಗಿ ಬಂದೆ. ಅರಸೀಕೆರೆಯ ಮನೆ ಚಿಕ್ಕದು, ಮಗುವನ್ನು ದೂರ ಇಡಲಾಗದು ಎಂದು ಹಾಗೆ ನಿಶ್ಚಯವಾಗಿತ್ತು. ನಾನು ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಪ್ರಕಾಶನ ತಾಯಿ ಬಂದು ಮೈತ್ರಿಯನ್ನು ನೋಡಿಕೊಳ್ಳುವುದು, ಅವ್ವ ಊರಿಗೆ ಹೋಗಿ ನನ್ನನ್ನು ನೋಡಿಕೊಳ್ಳುವುದು, ಆನಂದ ಬೇಲೂರಿನಲ್ಲಿ ಸ್ನೇಹಿತನ ರೂಮಿನಲ್ಲಿರುವುದು. ನರ್ಸ್ ಹೇಳಿದ್ದನ್ನೆಲ್ಲ ಆಸ್ಪತ್ರೆಯಿಂದಲೇ ಫೋನಿನಲ್ಲಿ ಅವ್ವನಿಗೆ ಹೇಳಿದ್ದೆ. ಹೂಂ ಹೂಂ ಅಂದಿದ್ದಳು.

ಬಾಡಿಗೆ ಕಾರಿನಲ್ಲಿ ಸಂಜೆ ಬಂದಿಳಿದಾಗ ಅವ್ವ ನನ್ನ ಹಾಸಿಗೆಯನ್ನು ತನ್ನ ಹಾಸಿಗೆಯ ಮಗ್ಗುಲಲ್ಲೇ ಹಾಸಿದ್ದಳು. ನಾನೇ ಎಳೆದು ಒಳಕೋಣೆಯಲ್ಲಿ ಹಾಕಿಕೊಂಡೆ. ಊಟಕ್ಕೆ ಎರಡು ತಟ್ಟೆ ಒಟ್ಟೊಟ್ಟಿಗೆ ಇಟ್ಟಳು.

"ಅವ್ವ, ನನಗೆ ಒಂದು ತಟ್ಟೆ ಬೇರೆ ಇಟ್ಟುಬಿಡು. ಗುರುತಿರಲಿ."

"ಗುರ್ತಾಕಿ ಕೊಡಕ್ಕೆ ನಾನೇನು ಹೋಟ್ಲು ಮಡಗಿದೀನಾ? ಸುಮ್ನೆ ಉಣ್ಣು."

ಸುಸ್ತಾಗಿತ್ತು, ದೂರ ಸರಿದು ಕೂತು ಉಂಡೆ. ಬಾಯೆಲ್ಲ ಕಬ್ಬಿಣದ ರುಚಿ, ಕುತ್ತಿಗೆಯಲ್ಲಿ ಸಣ್ಣ ಉರಿ. ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದು ಬರುವಷ್ಟರಲ್ಲಿ ಅವ್ವ ನನ್ನ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು, ನಾನು ಬಿಟ್ಟ ಮುದ್ದೆಯನ್ನು ನಾನು ಬಿಟ್ಟ ಸಾರಿನಲ್ಲೇ ಅದ್ದಿ ನುಂಗುತ್ತಿದ್ದಳು. ಬೇಕೆಂದೇ, ನನ್ನ ಮುಖ ನೋಡುತ್ತಾ.

"ನೋಡು. ನನ್ ಮಗಳ ಎಂಜ್ಲು. ಏನಾಯ್ತು ನಂಗೆ?"

ಕಾಯಿಲೆ ಇನ್ನೂ ಮೈಯಲ್ಲಿತ್ತು, ಗುಳಿಗೆ ಅಂದೇ ಕೆಲಸ ಮಾಡುವುದಿಲ್ಲ. ಅದೇ ಹಳೆಯ ಸಿಟ್ಟು ಏರಿತು. ತಟ್ಟೆ ಕಿತ್ತುಕೊಂಡೆ. ಅವ್ವ ನನ್ನ ಕೈ ಹಿಡಿಯಲು ಬಂದಳು.

"ಮುಟ್ಟಬೇಡ ಅಂದ್ರೆ ತಿಳಿಯಲ್ವಾ ನಿನಗೆ? ದೂರ ನಿಲ್ಲು. ಇದು ನಿನ್ನ ಮೈಗೆ ಹತ್ತುತ್ತೆ. ನಿನ್ನಿಂದ ನನ್ನ ಮಗೂಗೆ ಹತ್ತುತ್ತೆ. ಅವಳಿಗೇನಾದ್ರೂ ಆದ್ರೆ ಏನ್ ಮಾಡ್ತೀಯಾ?"

ಅವ್ವನ ಕೈ ಗಾಳಿಯಲ್ಲೇ ನಿಂತಿತು. ಬಾಯಲ್ಲಿದ್ದ ತುತ್ತನ್ನು ನುಂಗಲೋ ಉಗಿಯಲೋ ಎಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಹಿತ್ತಲಿಗೆ ಹೋದಳು. ಆ ಮಾತು ಯಾರ ಬಾಯಿಂದ ಯಾರ ಕಿವಿಗೆ ಹೋಯಿತು ಎನ್ನುವುದು ನನಗೆ ಹಾಸಿಗೆಗೆ ಹೋದ ಮೇಲೆ ಹೊಳೆಯಿತು. ಎದ್ದು ಹೋಗಿ ತಬ್ಬಿಕೊಳ್ಳೋಣವೆಂದರೆ, ತಬ್ಬಿಕೊಳ್ಳುವಂತಿರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಅವ್ವ ಆಸ್ಪತ್ರೆಯ ನರ್ಸಿಗಿಂತ ಚೆನ್ನಾಗಿ ನಿಯಮ ಪಾಲಿಸಿದಳು. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಿದ್ದಳು. ನಾನು ತೆಗೆದುಕೊಂಡ ಮೇಲೆ ತಿರುಗಿ ಹೋಗುತ್ತಿದ್ದಳು. ಮಾತು ಕಡಿಮೆಯಾಯಿತು. "ಸಾಕಾ?" "ಇನ್ನೊಂದೀಟು ಹಾಕ್ಲಾ?" ಇಷ್ಟೆ. ಸಿಟ್ಟು ಬಂದಿದೆ, ಇಳಿಯುತ್ತದೆ ಅಂದುಕೊಂಡೆ. ನಾನು ಅವಳ ಮಗಳಲ್ಲವೇ, ನಮ್ಮ ಸಿಟ್ಟಿನ ಆಯಸ್ಸು ನನಗೆ ಗೊತ್ತಿತ್ತು. ಹೇಳಿದಷ್ಟು ದಿನ ಮುಗಿಸಿ, ಡಾಕ್ಟರಿಗೆ ತೋರಿಸಿ, ಇನ್ನು ತೊಂದರೆಯಿಲ್ಲ ಅನ್ನಿಸಿಕೊಂಡು ಅರಸೀಕೆರೆಗೆ ಹೋದೆ. ಮೈತ್ರಿ ನನ್ನ ಕೊರಳಿಗೆ ಬಿದ್ದು ಮೊದಲು ಕೇಳಿದ್ದು, "ಅಜ್ಜಿ ಎಲ್ಲಿ?"

ಅಜ್ಜಿ ಬರಲಿಲ್ಲ. ಫೋನು ಮಾಡಿದರೆ ಎಮ್ಮೆ ಐತೆ, ರಾಗಿ ಕೊಯ್ಲೈತೆ, ಮಂಡಿ ನೋವೈತೆ. ಸರಿ, ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ನಾನೇ ಮುಳುಗತೊಡಗಿದ್ದೆ.

ಗ್ರಂಥಿ ಸುಮ್ಮನಾಗುವುದು ಅಂದರೆ ಏನೆಂದು ಡಾಕ್ಟರು ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಓಡುತ್ತಿದ್ದ ಮೈ ನಿಂತೇಹೋಯಿತು. ಬಿರುಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದೆ. ಮುಖ ಊದಿತು, ದನಿ ದಪ್ಪವಾಯಿತು, ಬಾಚಣಿಗೆ ತುಂಬ ಕೂದಲು. ಪಾಠ ಮಾಡುತ್ತಾ ಪ್ರಮೇಯದ ಅರ್ಧದಲ್ಲಿ ಮುಂದಿನ ಸಾಲು ಮರೆತು ಹಲಗೆ ನೋಡುತ್ತಾ ನಿಂತುಬಿಡುತ್ತಿದ್ದೆ. ಮಕ್ಕಳು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಅದು ಇನ್ನೂ ಕಷ್ಟವಾಗಿತ್ತು. ಈಗ ಸ್ಟಾಫ್ ರೂಮಿನವರಿಗೆ ಸಮಾಧಾನ, ಥೈರಾಯ್ಡ್ ಅಂದರೆ ಹೀಗಿರಬೇಕು ಎಂಬ ಹಾಗೆ. ಮಾತ್ರೆ ಶುರು ಮಾಡಿದರು, ಆದರೆ ಸರಿಯಾದ ಅಳತೆ ಸಿಗಲು ತಿಂಗಳುಗಳು ಬೇಕಾದವು. ಆ ತಿಂಗಳುಗಳಲ್ಲಿ ನನಗೆ ಯಾವುದೂ ಬೇಕಿರಲಿಲ್ಲ. ಮಗಳು ಬಂದು ಆಟಕ್ಕೆ ಕರೆದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಸಾಯಬೇಕು ಅನ್ನಿಸಲಿಲ್ಲ, ಇರಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ಹೀಗಾಗುವವರು ಇದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ, ಇದು ನಿಮ್ಮ ಸೋಮಾರಿತನವಲ್ಲ.

ಪ್ರಕಾಶ್ ಊರಿಗೆ ಹೋಗಿ ಅವ್ವನನ್ನು ಕರೆತಂದ. "ಅತ್ತೆ, ನೀವು ಬರದಿದ್ರೆ ನನ್ ಕೈಲಿ ಆಗಲ್ಲ" ಎಂದನಂತೆ. ಅವ್ವ ಬಂದಳು. ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ನನ್ನ ತಲೆಗೆ ಎಣ್ಣೆ ಹಚ್ಚಿದಳು. ಹಚ್ಚುವಾಗ ಅವಳ ಬೆರಳು ನನ್ನ ನೆತ್ತಿಯ ಮೇಲೆ ತುಂಬ ಹೊತ್ತು ನಿಂತಿತ್ತು, ಅದು ಮಾತ್ರ ನೆನಪಿದೆ. ಆದರೆ ಮೈತ್ರಿ ಓಡಿಬಂದರೆ ಸೆರಗನ್ನು ಒಳಗೆಳೆದುಕೊಂಡು ಸರಿದು ನಿಲ್ಲುತ್ತಿದ್ದಳು. ಎತ್ತಿಕೋ ಎಂದು ಮಗು ಕೈ ಚಾಚಿದರೆ, "ಕಾಲ್ ನೋವು ಕಣವ್ವ, ತಾತನ್ತಾವ ಹೋಗು" ಎಂದು ಆಗಾಗ ಬಂದುಹೋಗುತ್ತಿದ್ದ ಪ್ರಕಾಶನ ತಂದೆಯ ಕಡೆ ತೋರಿಸುತ್ತಿದ್ದಳು. ರಾತ್ರಿ ಮಲಗುವುದು ಜಗಲಿಯಲ್ಲಿ. ಉಣ್ಣುವುದು ತಾನು ಊರಿಂದ ಚೀಲದಲ್ಲಿ ತಂದ ಒಂದು ತಟ್ಟೆಯಲ್ಲಿ. ಅದನ್ನು ತಾನೇ ತೊಳೆದು ಹಿತ್ತಲ ಕಟ್ಟೆಯ ಮೇಲೆ ಕವುಚಿ ಇಡುತ್ತಿದ್ದಳು.

ನನಗೆ ಅದು ಕಣ್ಣಿಗೆ ಬಿತ್ತು. ನನ್ನ ಮೇಲಿನ ಸೇಡು ಎಂದುಕೊಂಡೆ. ಬೇರೆ ತಟ್ಟೆ ಬೇಕು ಅಂದೆಯಲ್ಲ, ತಗೋ ನೋಡು ಎಂದು ತೋರಿಸುತ್ತಿದ್ದಾಳೆ ಅಂದುಕೊಂಡೆ. ಕೇಳುವ ಶಕ್ತಿ ಆಗ ನನ್ನಲ್ಲಿರಲಿಲ್ಲ. ಪ್ರಕಾಶನೂ ಹಾಗೇ ತಿಳಿದು ನಮ್ಮಿಬ್ಬರ ನಡುವೆ ಬಾಯಿ ಹಾಕಲಿಲ್ಲ. ಮೈತ್ರಿ ಮೊದಮೊದಲು ಅಜ್ಜಿಯ ಸೆರಗು ಹಿಡಿದು ಎಳೆದಳು, ರಂಪ ಮಾಡಿದಳು, ನೆಲದ ಮೇಲೆ ಬಿದ್ದು ಹೊರಳಾಡಿದಳು. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಲವು ದಿನಗಳಾದ ಮೇಲೆ ಮಗು ಕೇಳುವುದನ್ನು ಬಿಟ್ಟಿತು. ಅವ್ವ ಹೀಗೇ ಬಂದುಹೋಗಿ ಮಾಡಿದಳು. ನನ್ನ ಮಾತ್ರೆಯ ಅಳತೆ ಸರಿಹೋಗಿ, ಮನಸ್ಸಿನ ಮಂಜು ಸ್ವಲ್ಪ ಸ್ವಲ್ಪವೇ ಕರಗಿ, ನಾನು ಮತ್ತೆ ವೃತ್ತವನ್ನು ವೃತ್ತದ ಹಾಗೆ ಬರೆಯುವ ಹೊತ್ತಿಗೆ ಮೈತ್ರಿ ಶಾಲೆಗೆ ಸೇರಿದ್ದಳು.

ಒಂದು ಭಾನುವಾರ ನಾನು ಒಳಗೆ ರಾಗಿ ಕೇರುತ್ತಿದ್ದೆ. ಹೊರಗೆ ಮಗು ಚೀರಿತು. ಹಿಂದೆಯೇ ಅವ್ವನ ದನಿ, "ಸುಜಾತ, ಬಾರೇ ಬೇಗ, ಮಗ ಬಿದ್ಬುಡ್ತು, ಬಾರೇ." ಓಡಿಹೋದೆ. ಮೈತ್ರಿ ಮೆಟ್ಟಿಲ ಕೆಳಗೆ ಬೋರಲು ಬಿದ್ದಿದ್ದಳು, ತುಟಿ ಒಡೆದು ರಕ್ತ. ಅವ್ವ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡು.

ಮಗುವನ್ನು ಎತ್ತಿಕೊಂಡು ನೀರಿನಲ್ಲಿ ಬಾಯಿ ತೊಳೆದೆ. ಹಲ್ಲು ಗಟ್ಟಿಯಾಗಿತ್ತು. ಅವಳು ಸಮಾಧಾನವಾಗಿ ಅಪ್ಪನ ಹತ್ತಿರ ಹೋದ ಮೇಲೆ ನನ್ನ ಸಿಟ್ಟು ಹೊರಗೆ ಬಂತು. ಅದು ಕಾಯಿಲೆಯ ಸಿಟ್ಟಲ್ಲ, ನನ್ನದೇ.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಬೈಯವ್ವ. ಆ ಮಗು ಏನ್ ಮಾಡಿತ್ತು? ಎತ್ಕೊಳಕ್ಕೇನಾಗಿತ್ತು ನಿನಗೆ?"

ಅವ್ವ ಜಗಲಿಯ ಮೇಲೆ ಕೂತಳು.

"ಸಿಟ್ಯಾಕೆ ನಂಗೆ? ನೀನೇ ಯೋಳಿದ್ಯಲ್ಲ. ನಿನ್ನ ತಟ್ಟೇಲಿ ಉಂಡಿದ್ನಲ್ಲವ್ವ ನಾನು. ನನ್ನಿಂದ ಮಗೂಗೆ ಹತ್ತುತ್ತೆ ಅಂದಿದ್ಯಲ್ಲ."

"ಅದು ಆವತ್ತಿನ ಮಾತು ಕಣವ್ವ. ಡಾಕ್ಟ್ರು ನೋಡಿ, ಎಲ್ಲ ಹೋಯ್ತು ಅಂದ್ರಲ್ಲ" ಎಂದೆ.

"ನಿನ್ನ ನೋಡಿ ಅಂದ್ರು. ನಿಂಗೆ ಮಾತ್ರೆ ಕೊಟ್ಟವ್ರೆ, ರಕ್ತ ನೋಡವ್ರೆ. ನನ್ನ ಯಾರ್ ನೋಡವ್ರೆ? ನನ್ ಮೈಯಾಗೆ ಐತೋ ಓಯ್ತೋ ನಂಗೇನ್ ಗೊತ್ತು?"

"ಕೇಳಬಾರದಿತ್ತಾ ಅವ್ವ ಒಂದು ಮಾತು?"

"ನೀನು ಗ್ವಾಡೆ ಕಡೀಕೆ ತಿರುಕ್ಕಂಡು ಮಲಗಿದ್ದೆ. ಅದ್ರ ಮೇಲೆ ಇದೊಂದ ಯೋಳ್ಲಾ? ನನ್ ಹಟಕ್ಕೆ ನಾನುಂಡೆ. ಹೋಗ್ಲಿ ಅಂತ ದೂರ ಇದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ದೂರ ಇರದು ನಂಗೇನು ಹೊಸ್ದಾ?"

ಅವಳ ಪಕ್ಕ ಕೂತು ಅವಳನ್ನು ಹಿಡಿದುಕೊಂಡು ಅತ್ತೆ. ಅವ್ವ ಅಳಲಿಲ್ಲ. ಯಾರೋ ಯಾರನ್ನೋ ಸಮಾಧಾನ ಮಾಡುವಂತೆ ನನ್ನ ಬೆನ್ನು ತಟ್ಟುತ್ತಿದ್ದಳು. ಕೂಲಿ ಮಾಡುವ ಕಾಲದಲ್ಲಿ ಇವಳು ಎಷ್ಟು ಅಂಗಳಗಳಲ್ಲಿ ಹೀಗೆ ಸೆರಗು ಒಳಗೆಳೆದುಕೊಂಡು ಸರಿದು ನಿಂತಿರಬೇಕು. ಅದನ್ನು ಮರೆಯಲು ಒಂದು ಜನ್ಮ ಹಿಡಿಯಿತು. ತನ್ನ ಮೊಮ್ಮಗಳಿಗಾಗಿ ಮತ್ತೆ ತಾನಾಗಿಯೇ ನೆನಪು ಮಾಡಿಕೊಂಡಿದ್ದಳು. ನಾವೆಲ್ಲ ಅದನ್ನು ಮುನಿಸು ಅಂದುಕೊಂಡೆವು.

ಎಷ್ಟು ಬಿಡಿಸಿ ಹೇಳಿದರೂ ಅವ್ವ ನಂಬಲಿಲ್ಲ. ಆ ಅಯೋಡಿನ್ ಕೆಲವೇ ವಾರಗಳಲ್ಲಿ ತಾನಾಗಿಯೇ ಇಲ್ಲವಾಗುತ್ತೆ, ನೀನು ತಿಂದ ಎಂಜಲಿನಲ್ಲಿ ಇದ್ದದ್ದು ಇಷ್ಟೇ ಇಷ್ಟು ಎಂದು ಲೆಕ್ಕ ಹಾಕಿ ತೋರಿಸಿದೆ. "ನಿನ್ ಲೆಕ್ಕ ಚೆನ್ನಾಗೈತೆ. ನಾನು ಬೇಜಾರ್ ಮಾಡ್ಕತೀನಿ ಅಂತಾವ ಯೋಳ್ತಿದೀಯ" ಅಂದಳು. ಮಗಳ ಮಾತು ಮಗಳ ಮಾತು, ಡಾಕ್ಟರ ಮಾತು ಬೇರೆ. ಮೈಸೂರಿಗೆ ನಾನು ಮತ್ತೆ ತೋರಿಸಲು ಹೋಗುವುದಿತ್ತು. ಎಲ್ಲರೂ ಹೊರಟೆವು. ರೈಲಿನಲ್ಲಿ ಅವ್ವ ಕಿಟಕಿಯ ಹತ್ತಿರ, ಮೈತ್ರಿ ಎದುರಿನ ಸೀಟಿನಲ್ಲಿ ಅಪ್ಪನ ಪಕ್ಕ. ಮಗು ಅಜ್ಜಿಯನ್ನು ನೋಡುತ್ತಿತ್ತು, ಅಜ್ಜಿ ಹೊರಗಿನ ತೆಂಗಿನ ತೋಟ ನೋಡುತ್ತಿದ್ದಳು.

ಡಾಕ್ಟರು ನನ್ನ ಕುತ್ತಿಗೆ ಮುಟ್ಟಿ ನೋಡಿದರು. ಅಲ್ಲಿ ಈಗ ಏನೂ ಸಿಗುವುದಿಲ್ಲ. ರಕ್ತದ ಅಂಶ ಸರಿಯಾಗಿದೆ ಅಂದರು. ನಾನು ಅವ್ವನ ವಿಷಯ ಹೇಳಿದೆ. ಅವರು ನಗಲಿಲ್ಲ. ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡು, ಅವಳ ಕೈ ಹಿಡಿದು ನಾಡಿ ನೋಡಿದರು, ಕುತ್ತಿಗೆ ಮುಟ್ಟಿ ನೀರು ನುಂಗಿಸಿದರು. ನೋಡುವ ಅಗತ್ಯ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ನಿಧಾನವಾಗಿ ಹೇಳಿದರು. "ನಿಮ್ಮ ಮೈಯಲ್ಲಿ ಏನೂ ಇಲ್ಲಮ್ಮ. ಆಗಲೂ ನಿಮ್ಮಿಂದ ಮಗೂಗೆ ತೊಂದರೆ ಆಗ್ತಿರಲಿಲ್ಲ. ಊರಿಂದ ಬಂದ ಮೇಲಂತೂ ಒಂದು ದಿನಾನೂ ದೂರ ಇರಬೇಕಿರಲಿಲ್ಲ."

"ಒಂದಿನಾನೂ?"

"ಒಂದು ದಿನಾನೂ."

ಅವ್ವ ತನ್ನ ಅಂಗೈ ನೋಡಿಕೊಂಡಳು. "ಹಂಗಾರೆ ಎತ್ಕಬೌದಾ ಸ್ವಾಮಿ?"

"ಎತ್ಕೊಳ್ಳಿ, ಮುದ್ದು ಮಾಡಿ, ಒಂದೇ ತಟ್ಟೆಲಿ ಊಟ ಮಾಡಿ" ಅಂದರು.

ಹೊರಗಿನ ಕಾರಿಡಾರಿನಲ್ಲಿ ಪ್ರಕಾಶ್ ಮೈತ್ರಿಯನ್ನು ಹಿಡಿದುಕೊಂಡು ನಿಂತಿದ್ದ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿ, "ಬಾ ಮಗ" ಅಂದಳು. ಮೈತ್ರಿ ಕದಲಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದಳು. ಹೋಗಬಹುದಾ, ಮುಟ್ಟಬಹುದಾ ಎಂದು ಕೇಳುವ ಮುಖ. ನಾಲ್ಕು ವರ್ಷದ ಮಗುವಿಗೆ ಅದನ್ನು ನಾವು ಯಾರೂ ಕೂತು ಕಲಿಸಿರಲಿಲ್ಲ.

"ಹೋಗು ಕಂದ" ಅಂದೆ. ಹೋದಳು.

ಅವ್ವ ಬಗ್ಗಿ ಅವಳ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಮಂಡಿ ಹಿಡಿದುಕೊಂಡಿತು. ಕೊನೆಗೆ, ಜನ ಓಡಾಡುವ ಆ ನೆಲದ ಮೇಲೆಯೇ ಗೋಡೆಗೆ ಒರಗಿ ಕೂತು ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಎಷ್ಟುದ್ದ ಆಗ್ಬುಟ್ಟಿದೀಯವ್ವ" ಎನ್ನುತ್ತಾ ಅದರ ಕಾಲು, ಕೈ, ಕೆನ್ನೆ ಎಲ್ಲವನ್ನೂ ಸವರಿ ಸವರಿ ನೋಡಿದಳು. ಮೈತ್ರಿ ಎದ್ದು ಬರಲಿಲ್ಲ, ಅಳಲೂ ಇಲ್ಲ. ಕೈಗಳೆರಡನ್ನೂ ತನ್ನ ಮಡಿಲಲ್ಲಿ ಜೋಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪರಿಚಯವಿಲ್ಲದವರ ತೊಡೆಯ ಮೇಲೆ ಮಕ್ಕಳು ಕೂರುವ ಹಾಗೆ ಕೂತಿದ್ದಳು.